ಇದ್ದಿಲಲ್ಲಿ ಹತ್ತು ಸೆಕೆಂಡು ಬ್ರಾಮ್ಸ್

ಆಸ್ಕರ್ ಫಿಶಿಂಗರ್ 1931ರಲ್ಲಿ ಜರ್ಮನಿಯಲ್ಲಿ ಮಾಡಿದ ಕಿರು ಅನಿಮೇಶನ್ ಫಿಲ್ಮ್ ‘ಸ್ಟಡಿ ನಂ. 7’ ನೋಡಿದ್ದೀರಾ? ಕಪ್ಪು ತೆರೆ. ಅದರ ಮೇಲೆ ಬಿಳಿ ಗೆರೆಗಳು ಬಾಗುತ್ತವೆ, ಓಡುತ್ತವೆ. ಜೊತೆಗೆ ಜರ್ಮನ್ ಸಂಗೀತಗಾರ ಬ್ರಾಮ್ಸ್ ರಚಿಸಿದ ಐದನೇ ‘ಹಂಗೇರಿಯನ್ ಡ್ಯಾನ್ಸ್’ ಎಂಬ ಸಂಗೀತ. ಕಥೆ ಇಲ್ಲ, ಪಾತ್ರ ಇಲ್ಲ. ಹುಡುಗನಾಗಿದ್ದಾಗ ಆರ್ಗನ್ ಕಟ್ಟುವ ಕೆಲಸ ಕಲಿತವನು ಈ ಫಿಶಿಂಗರ್. ಅವನು ಬಿಳಿ ಹಾಳೆ ಮೇಲೆ ಇದ್ದಿಲಲ್ಲಿ ಬರೆದ, ಫಿಲ್ಮ್ ನೆಗೆಟಿವ್‌ನಲ್ಲಿ ಕಪ್ಪು ಬಿಳಿಯಾಯಿತು, ಬಿಳಿ ಕಪ್ಪಾಯಿತು. ಗುಟ್ಟು ಇಷ್ಟೇನಾ ಅಂತ ನಾನೂ ಊಟದ ಮೇಜಿನ ಮೇಲೆ ಅಂಥದ್ದೊಂದು ಫಿಲ್ಮ್ ಮಾಡಲು ಶುರು ಹಚ್ಚಿಕೊಂಡೆ.

ಪೂರ್ತಿ ಡ್ಯಾನ್ಸಿಗೆ ಕೈ ಹಾಕಬೇಡಿ, ಹತ್ತು ಸೆಕೆಂಡು ಸಾಕು. ಸೆಕೆಂಡಿಗೆ 12 ಚಿತ್ರದಂತೆ 120 ಚಿತ್ರ. ಎ4 ಹಾಳೆಯನ್ನು ಅರ್ಧ ಕತ್ತರಿಸಿಕೊಂಡರೆ 60 ಹಾಳೆಯಲ್ಲಿ ಆಯಿತು. ಪಂಚಿಂಗ್ ಮೆಷಿನ್‌ನಲ್ಲಿ ಎರಡು ತೂತು ಮಾಡಿ, ಹಲಗೆಗೆ ಹೊಡೆದ ಎರಡು ಮೊಳೆಗೆ ಸಿಕ್ಕಿಸಿ. ಹಾಳೆ ಅಲುಗಬಾರದು. ಮೂಲೆಯಲ್ಲಿ ನಂಬರನ್ನು ಮೊದಲೇ ಬರೆದಿಡಿ. ನಾನು ಬರೆದಿರಲಿಲ್ಲ. ಯಾರೋ ಫ್ಯಾನ್ ಹಾಕಿದರು, ನಲವತ್ತು ಚಿತ್ರ ಹಾರಿ ಕಲಸಿಹೋದವು.

ಇನ್ನು ಸಂಗೀತ. ಈ ಡ್ಯಾನ್ಸ್‌ನ ಲಯ ಸ್ಥಿರವಲ್ಲ. ನಡುವೆ ತಡೆದು ನಿಲ್ಲುತ್ತದೆ, ಆಮೇಲೆ ಓಟ ಕೀಳುತ್ತದೆ. ಹಾಗಾಗಿ ಒಂದೇ ಲಯದಲ್ಲಿ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ನಂಬಬೇಡಿ. ಎಡಿಟಿಂಗ್ ಆ್ಯಪ್‌ನಲ್ಲಿ ಹಾಡು ಹಾಕಿ, ಒತ್ತು ಬೀಳುವ ಜಾಗಗಳನ್ನು ಗುರುತು ಮಾಡಿ. 2.5ನೇ ಸೆಕೆಂಡಿನ ಒತ್ತು ಅಂದರೆ 30ನೇ ಚಿತ್ರದ ಹತ್ತಿರ. ಒಂದು ಉದ್ದ ಪಟ್ಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ.

ಎಲ್ಲರೂ ಎಡವುವುದು ಇಲ್ಲೇ. ಪ್ರತಿ ಸ್ವರಕ್ಕೂ ಒಂದು ಚುಕ್ಕೆ ಹೊಡೆದರೆ ಗೋಡೆಗಡಿಯಾರ ನೋಡಿದ ಹಾಗಿರುತ್ತದೆ. ಸುಮ್ನೆ ಕಣ್ಣು ಮುಚ್ಚಿ ಕೇಳಿ, ಕೈ ಎತ್ತ ಹೋಗುತ್ತದೆ ನೋಡಿ. ಶುರುವಿನಲ್ಲಿ ಪಿಟೀಲುಗಳು ಒಂದು ಸ್ವರವನ್ನು ಎಳೆದು ಮುಂದಿನದಕ್ಕೆ ಜಾರುತ್ತವೆ ಅಲ್ವಾ? ನಾನು ಅದಕ್ಕೆ ಕುಡುಗೋಲಿನಂಥ ಒಂದು ಗೆರೆ ಇಟ್ಟುಕೊಂಡೆ. ಎಳೆತ ಇರುವಷ್ಟು ಹೊತ್ತು ಅದು ಎರಡೆರಡು ಮಿಲಿಮೀಟರ್ ಜರುಗುತ್ತದೆ. ಜಾರುವಾಗ ಒಂದೊಂದು ಹಾಳೆಗೂ ಎರಡು ಸೆಂಟಿಮೀಟರ್ ಹಾರುತ್ತದೆ. ವೇಗ ಅನ್ನುವುದು ಈ ಅಂತರ, ಬೇರೇನಿಲ್ಲ. ಹಾರುವಾಗ ಇದ್ದಿಲನ್ನು ಬೆರಳಲ್ಲಿ ಹಿಂದಕ್ಕೆ ತೀಡಿ, ಬಾಲ ಬರುತ್ತದೆ. ಗೆರೆ ಗುರಿ ಮುಟ್ಟುವುದು ಸ್ವರಕ್ಕಿಂತ ಒಂದು ಚಿತ್ರ ಮೊದಲಿರಲಿ. ಸರಿಯಾಗಿ ಒತ್ತಿನ ಮೇಲೇ ಇಟ್ಟಾಗ ನನಗೆ ತಡವಾದಂತೆ ಕಂಡಿತು.

ಶೂಟಿಂಗ್ ಸುಲಭ. ಮೊಬೈಲನ್ನು ಮೇಲಿನಿಂದ ಕೆಳಮುಖವಾಗಿ ಕಟ್ಟಿ, ಫೋಕಸ್ ಮತ್ತು ಬೆಳಕು ಲಾಕ್ ಮಾಡಿ. ಕಿಟಕಿ ಮುಚ್ಚಿ, ಒಂದೇ ದೀಪ ಸಾಕು. ಮೋಡ ಸರಿದರೂ ಚಿತ್ರ ಮಿಣುಕುತ್ತದೆ. ಆಮೇಲೆ ಎಡಿಟಿಂಗ್‌ನಲ್ಲಿ ಬಣ್ಣ ತೆಗೆದು ‘ಇನ್ವರ್ಟ್’ ಒತ್ತಿ. ಬೂದು ಹಾಳೆಗಳೆಲ್ಲ ಒಮ್ಮೆಲೇ ರಾತ್ರಿಯಾಗುವುದನ್ನು ನೋಡಬೇಕು! ಇಂಟರ್‌ನೆಟ್‌ಗೆ ಹಾಕುವುದಾದರೆ ಒಂದು ಮಾತು: ಬ್ರಾಮ್ಸ್ ತೀರಿಕೊಂಡದ್ದು 1897ರಲ್ಲಿ, ಅವನ ಸಂಗೀತಕ್ಕೆ ಈಗ ಹಕ್ಕಿನ ತಕರಾರಿಲ್ಲ. ಆದರೆ ನೀವು ಬಳಸಿದ ರೆಕಾರ್ಡಿಂಗ್‌ಗೆ ಇರಬಹುದು, ನೋಡಿಕೊಳ್ಳಿ.

ನನ್ನ 47ನೇ ಹಾಳೆ ಮೇಲೆ ಕಾಫಿ ಲೋಟದ ಗುರುತು ಬಿದ್ದಿತ್ತು. ಮತ್ತೆ ಬರೆಯಲು ಬೇಜಾರಾಗಿ ಹಾಗೇ ಬಿಟ್ಟೆ. ನಾಲ್ಕನೇ ಸೆಕೆಂಡಿನಲ್ಲಿ ಒಂದು ಬಿಳಿ ಉಂಗುರ ಮಿಂಚಿ ಮಾಯವಾಗುತ್ತದೆ.