ಕರಕರ ಸದ್ದು ಸಂಗೀತದ್ದೋ, ಗೀರಿನದ್ದೋ? ಕೇಳಿದ ಸಿಡಿ ಮಾರುವ ಮುನ್ನ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಸಿಡಿ ಅಂಗಡಿ ಹುಡುಕಿಕೊಂಡು ಹೊರಟರೆ ಈಗ ಸಿಗುವುದು ಮೊಬೈಲ್ ಕವರ್. ಅದರಲ್ಲೂ ರೇಡಿಯೊದ ಗೊರಗೊರ, ಫ್ಯಾನಿನ ಗುಂಯ್, ನಡುನಡುವೆ ಐದು ನಿಮಿಷದ ಮೌನ, ಇವನ್ನೇ ಸಂಗೀತ ಮಾಡಿದ ಪ್ರಯೋಗಶೀಲ ಇಂಡಿ (ಸ್ವತಂತ್ರ ಕಲಾವಿದರ) ಸಿಡಿಯನ್ನು ಊರೊಳಗೆ ಕೊಳ್ಳುವವರು ಅಪರೂಪ. ಗಿರಾಕಿ ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುತ್ತಾರೆ. ಡಿಸ್ಕನ್ನು ಕಣ್ಣಾರೆ ಕಾಣದೆ, ಮಾರುವಾಗ ನೀವು ಬರೆದ ವಿವರವನ್ನು ನಂಬಿ ದುಡ್ಡು ಕಳಿಸುತ್ತಾರೆ. ಆದ್ದರಿಂದ ಮುಕ್ಕಾಲು ಕೆಲಸ ಪರೀಕ್ಷೆಯಲ್ಲೇ ಇದೆ.

ಮೊದಲು ಡಿಸ್ಕಿನ ಜಾತಿ ನೋಡಿ. ಕೆಳಮೈ ಅಚ್ಚ ಬೆಳ್ಳಿಯಾಗಿದ್ದರೆ ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ಅಚ್ಚಾದದ್ದು. ಹಸಿರು, ನೀಲಿ ಛಾಯೆ ಇದ್ದರೆ ಕಂಪ್ಯೂಟರಿನಲ್ಲಿ ಬರೆದ ಸಿಡಿ-ಆರ್. ಸಣ್ಣ ಸಂಗೀತ ಸಂಸ್ಥೆಗಳು (ಲೇಬಲ್‌ಗಳು) ನೂರು, ಇನ್ನೂರು ಪ್ರತಿಗಳನ್ನು ಸಿಡಿ-ಆರ್‌ನಲ್ಲೇ ಹೊರತರುವುದು ಮಾಮೂಲು, ಅದೇನೂ ನಕಲಿಯಲ್ಲ. ಆದರೆ ಅದರ ಬಣ್ಣದ ಪದರ ಬಿಸಿಲಿಗೆ ಕೆಡುತ್ತದೆ, ಹಾಗಾಗಿ ಮುಚ್ಚಿಡದೆ ಹೇಳಿಬಿಡಿ. ನಡುವಿನ ತೂತಿನ ಸುತ್ತ ಕೊರೆದಿರುವ ಪುಟ್ಟ ಸಂಖ್ಯೆಯನ್ನು ಭೂತಗನ್ನಡಿ ಹಿಡಿದು ಬರೆದುಕೊಳ್ಳಿ. ಆಲ್ಬಮ್‌ಗಳ ಪಟ್ಟಿಯೂ ಮಾರುಕಟ್ಟೆಯೂ ಆಗಿರುವ ಡಿಸ್ಕಾಗ್ಸ್ ಜಾಲತಾಣದಲ್ಲಿ ಒಂದೇ ಆಲ್ಬಮ್ಮಿನ ಬೇರೆ ಬೇರೆ ಆವೃತ್ತಿಗಳನ್ನು ಬಿಡಿಸಿ ಗುರುತಿಸಲು ಅದು ಮುಖ್ಯ ದಾರಿ.

ಆಮೇಲೆ ಡಿಸ್ಕನ್ನು ಟ್ಯೂಬ್‌ಲೈಟಿಗೆ ಅಡ್ಡ ಹಿಡಿಯಿರಿ. ಸೂಜಿಮೊನೆಯಷ್ಟು ಬೆಳಕು ಅಲ್ಲಲ್ಲಿ ತೂರಿಬಂದರೆ ಅಲ್ಯೂಮಿನಿಯಂ ಪದರದಲ್ಲಿ ತೂತಿದೆ ಎಂದರ್ಥ. ಜನ ಕೆಳಮೈಯ ಗೀರಿಗೆ ಹೆದರುತ್ತಾರೆ, ಹೆದರಬೇಕಾದದ್ದು ಮೇಲ್ಮೈಯ ಗೀರಿಗೆ. ಡಿಸ್ಕಿನ ದಪ್ಪ 1.2 ಮಿಲಿಮೀಟರ್, ಸಂಗೀತವಿರುವ ಪದರ ಹೆಸರು ಅಚ್ಚಾದ ಬದಿಗೆ ಅಂಟಿಕೊಂಡಂತಿದ್ದು, ಅದರ ಮೇಲಿರುವುದು ತೆಳು ಮೆರುಗೆಣ್ಣೆ ಮಾತ್ರ. ಅಲ್ಲಿ ಕಿತ್ತುಹೋದದ್ದನ್ನು ಯಾವ ಪಾಲಿಶ್ ಕೂಡ ತರಲಾರದು. ಬ್ರಿಟನ್ನಿನ ಬ್ಲ್ಯಾಕ್‌ಬರ್ನ್‌ನ ಪಿಡಿಒ ಎಂಬ ಸಿಡಿ ಕಾರ್ಖಾನೆಯಲ್ಲಿ 1988ರಿಂದ 1993ರ ನಡುವೆ ಅಚ್ಚಾದ ಎಷ್ಟೋ ಡಿಸ್ಕುಗಳು ಅಂಚಿನಿಂದ ಕಂಚಿನ ಬಣ್ಣಕ್ಕೆ ತಿರುಗಿ ಕೆಟ್ಟಿವೆ. ಹಾಗೆ ಕಂದಿದ್ದನ್ನು ಚೆನ್ನಾಗಿದೆ ಎಂದು ಮಾರಬೇಡಿ.

ತೊಳೆಯುವುದು ಸುಲಭ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ತೊಟ್ಟು, ಕನ್ನಡಕ ಒರೆಸುವ ಮೆತ್ತನೆ ಬಟ್ಟೆ, ಇಷ್ಟು ಸಾಕು. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಉಜ್ಜಬೇಡಿ. ನಡುವಿನಿಂದ ಅಂಚಿನತ್ತ ಬಿದ್ದ ಅಡ್ಡಗೀರನ್ನು ಪ್ಲೇಯರ್ ಲೆಕ್ಕ ಹಾಕಿ ಸರಿದೂಗಿಸಿಕೊಳ್ಳುತ್ತದೆ. ಟ್ರ್ಯಾಕಿನ ಜಾಡಿನಲ್ಲೇ ಬಿದ್ದ ಗೀರು ಸುಮಾರು ಎರಡೂವರೆ ಮಿಲಿಮೀಟರ್ ಮೀರಿದರೆ ಅದರ ಕೈ ಸೋಲುತ್ತದೆ. ಟೂತ್‌ಪೇಸ್ಟ್ ಹಚ್ಚಿದರೆ ಮಂಜು ಕವಿದಂತಾಗಿ ಬೆಲೆ ಬೀಳುತ್ತದೆ. ಥಿನ್ನರ್ ಮುಟ್ಟಿಸಿದರೆ ಡಿಸ್ಕಿನ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಬಿರಿಯುತ್ತದೆ. ಪ್ಲಾಸ್ಟಿಕ್ ಕೇಸಿನ ಮೇಲಿನ ಬೆಲೆ ಚೀಟಿಯ ಗೋಂದಿಗೆ ಮಾತ್ರ ನಮ್ಮ ಜಿಲ್ಲೆಯ ಮದ್ದೇ ಇದೆ: ಎರಡು ಹನಿ ಕೊಬ್ಬರಿ ಎಣ್ಣೆ, ಹತ್ತು ನಿಮಿಷ. ರಟ್ಟಿನ ಹೊದಿಕೆಗೆ ಇದನ್ನು ತಾಗಿಸಬೇಡಿ, ಕಲೆ ಹೋಗದು.

ಈಗ ಅಸಲಿ ತೊಡಕು. ಜಪಾನಿನ ಪ್ರಯೋಗಶೀಲ ಸಂಗೀತಗಾರ ಯಸುನಾವೊ ಟೋನೆ 1980ರ ದಶಕದಲ್ಲೇ ಸಿಡಿಗೆ ತೂತು ಚುಚ್ಚಿದ ಟೇಪು ಅಂಟಿಸಿ, ಅದು ಎಡವುವ ಸದ್ದನ್ನೇ ಸಂಗೀತ ಮಾಡಿದರು. ಇಂಥ ಡಿಸ್ಕಿನಲ್ಲಿ ಕಟಕಟ ಕೇಳಿದರೆ ದೋಷ ಯಾರದು? ಒಂದು ಸುಳಿವು ವೇಗ. ಮಾಮೂಲಿ ಪ್ಲೇಯರಿನಲ್ಲಿ ಡಿಸ್ಕು ಮೊದಲ ಟ್ರ್ಯಾಕಿನ ಹತ್ತಿರ ನಿಮಿಷಕ್ಕೆ ಸುಮಾರು 500 ಸುತ್ತು, ಕೊನೆಯಲ್ಲಿ 200 ಸುತ್ತು ತಿರುಗುತ್ತದೆ. ಗೀರು ಸುತ್ತಿಗೊಮ್ಮೆ ತಾಗುವುದರಿಂದ ಆರಂಭದಲ್ಲಿ ಸೆಕೆಂಡಿಗೆ ಎಂಟು, ಅಂಚಿನ ಕಡೆಗೆ ಮೂರು ನಾಲ್ಕು ಏಟು ಕೇಳಿಸುತ್ತವೆ. ಖಚಿತ ಪರೀಕ್ಷೆ ಬೇಕಿದ್ದರೆ ವಿಂಡೋಸ್ ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಎಕ್ಸಾಕ್ಟ್ ಆಡಿಯೊ ಕಾಪಿ ಎಂಬ ತಂತ್ರಾಂಶ ಹಾಕಿ, 'ಟೆಸ್ಟ್ ಅಂಡ್ ಕಾಪಿ' ಒತ್ತಿ. ಪ್ರತಿ ಟ್ರ್ಯಾಕನ್ನೂ ಎರಡು ಸಲ ಓದಿ, ಓದಿದ್ದನ್ನು ತಾಳೆ ನೋಡಲು ಎರಡು ಸಿಆರ್‌ಸಿ ಸಂಖ್ಯೆ ಕೊಡುತ್ತದೆ. ಎರಡೂ ಒಂದೇ ಆಗಿ, ಓದುವಾಗ ದೋಷ ತೋರಿಸದಿದ್ದರೆ ಆ ಕಟಕಟ ಬಹುತೇಕ ಕಲಾವಿದರದೇ. ಬೇರೆಯಾದರೆ ಡಿಸ್ಕಿನದು, ಮತ್ತೆ ತೊಳೆದು ನೋಡಿ. ಈ ಫಲಿತಾಂಶ ದಾಖಲಾದ ಲಾಗ್ ಫೈಲನ್ನು ಗಿರಾಕಿಗೆ ಕಳಿಸಿದರೆ ಅರ್ಧ ವಾದ ಅಲ್ಲೇ ಮುಗಿಯಿತು. ಕಂಪ್ಯೂಟರಿಗೆ ಇಳಿದ ಹಾಡುಗಳನ್ನು ಮಾತ್ರ ಮಾರಾಟವಾದ ಮೇಲೆ ಅಳಿಸಿಹಾಕಿ, ಡಿಸ್ಕನ್ನೂ ಮಾರಿ ಹಾಡನ್ನೂ ಇಟ್ಟುಕೊಳ್ಳುವುದು ನ್ಯಾಯವಲ್ಲ.

ಮಾರಾಟದ ವಿವರ ಬರೆಯುವಾಗ 'ಸೂಪರ್ ಕಂಡೀಷನ್' ಎಂಬ ಮಾತು ಬೇಡ. ಡಿಸ್ಕಿಗೊಂದು, ಹೊದಿಕೆಗೊಂದು ದರ್ಜೆ ಕೊಡಿ. ವಿಜಿ ಎಂದರೆ 'ವೆರಿ ಗುಡ್', ವಿಜಿ ಪ್ಲಸ್ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಮಾದರಿ ಹೀಗೆ: "ಡಿಸ್ಕ್: ವಿಜಿ ಪ್ಲಸ್, ಕೂದಲೆಳೆಯ ಎರಡು ಗೀರು, ಪೂರ್ತಿ ನುಡಿಸಿ ನೋಡಿದೆ. ಹೊದಿಕೆ: ವಿಜಿ, ಬೆನ್ನಿನ ಬಲತುದಿ ಮುಕ್ಕು. ಮೂರನೇ ಟ್ರ್ಯಾಕಿನ 4:10ರ ಗೊರಗೊರ ಮೂಲದಲ್ಲೇ ಇದೆ. ಡೌನ್‌ಲೋಡ್ ಕೋಡ್ ಬಳಸಿಯಾಗಿದೆ." ಕೈಯಲ್ಲಿ ಬರೆದ ಪ್ರತಿ ಸಂಖ್ಯೆ, ಒಳಚೀಟಿ, ಸ್ಟಿಕರ್ ಇದ್ದರೆ ಒಂದನ್ನೂ ಬಿಡದೆ ಹೇಳಿ; ಸಂಗ್ರಹಕಾರರು ದುಡ್ಡು ಕೊಡುವುದು ಅದಕ್ಕೂ ಹೌದು. ಎಂಟು ಸೆಂಟಿಮೀಟರಿನ ಮಿನಿ ಸಿಡಿಯಾದರೆ ಸೀಳಿನಲ್ಲಿ ತೂರಿಸುವ ಕಾರ್ ಸ್ಟೀರಿಯೊಗೆ ಹಾಕಬೇಡಿ ಎಂದು ಎಚ್ಚರಿಸಿ.

ಬೆಲೆಗೆ ಡಿಸ್ಕಾಗ್ಸ್‌ನಲ್ಲಿ ಮಾರುವವರು ಕೇಳುತ್ತಿರುವ ದರ ನೋಡಬೇಡಿ, ನಿಜಕ್ಕೂ ಮಾರಾಟವಾದ ದರಗಳ ನಟ್ಟನಡುವಿನ ಬೆಲೆ (ಮೀಡಿಯನ್) ನೋಡಿ. ನೀವು ವಿದೇಶದಿಂದ ತರಿಸಿದ ಅಂಚೆ ಖರ್ಚು ವಾಪಸ್ ಬಾರದು, ಅದನ್ನು ಮರೆತುಬಿಡಿ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ. ಒತ್ತಿ ಎನ್ನುವವರು ಗಿರಾಕಿಗಳಲ್ಲ.

ಕಟ್ಟುವಾಗ ಡಿಸ್ಕನ್ನು ಕೇಸಿನಲ್ಲೇ ಬಿಡುವುದು ದೊಡ್ಡ ತಪ್ಪು. ದಾರಿಯಲ್ಲಿ ನಡುವಿನ ಹಲ್ಲುಗಳು ಮುರಿದು, ಆ ಚೂರುಗಳೇ ಡಿಸ್ಕನ್ನು ಗೀಚುತ್ತವೆ. ಒಂದು ಬೆರಳಿನಿಂದ ನಡುವೆ ಒತ್ತಿ, ಅಂಚು ಹಿಡಿದು ಎತ್ತಿ, ಬೇರೆ ಕವರಿಗೆ ಹಾಕಿ. ಕೇಸು ಮುರಿದಿದ್ದರೆ ಹಳೆಯ ಭಕ್ತಿಗೀತೆ ಸಿಡಿಯ ಖಾಲಿ ಕೇಸು ಸರಿಹೋಗುತ್ತದೆ, ಅಳತೆ ಒಂದೇ. ಕೇಸು, ಪಕ್ಕದಲ್ಲಿ ಡಿಸ್ಕು, ಎರಡೂ ಬದಿಗೆ ಅಂಚಿಗಿಂತ ಒಂದು ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸಿದ ರಟ್ಟು, ಒಂದು ಸುತ್ತು ಬಬಲ್ ಶೀಟ್. ಇಷ್ಟಾದರೂ ಸಾಮಾನ್ಯವಾಗಿ 200 ಗ್ರಾಂ ಒಳಗೇ ಇರುತ್ತದೆ. ಸ್ಪೀಡ್ ಪೋಸ್ಟ್ ಮಾಡಿ ರಸೀದಿಯ ಫೋಟೊ ಕಳಿಸಿ. ಕೇಸಿನ ಮೇಲೆ "ಡಿಸ್ಕ್ ಪಕ್ಕದ ಕವರಿನಲ್ಲಿದೆ" ಎಂದು ಚೀಟಿ ಸಿಕ್ಕಿಸಿ, ಇಲ್ಲದಿದ್ದರೆ ಖಾಲಿ ಕೇಸು ಬಂದಿದೆ ಎಂಬ ಫೋನು ಖಂಡಿತ.