ಹಾಬ್ಸ್, ಲಾಕ್, ಮಿಲ್ ಓದೂದು ಹೆಂಗ? ಬದುವಿನ ಜಗಳದಿಂದ ಚಾಲೂ ಮಾಡ್ರಿ

ನಮ್ಮ ವಿಜಯಪುರದಾಗ ಬಿಎ ಓದೋರು, ಕೆಎಎಸ್‌ಗೆ ತಯಾರಿ ಮಾಡೋರು ಭಾಳ ಮಂದಿ ಉದಾರವಾದ (ಲಿಬರಲಿಸಂ ಅನ್ನೂ ರಾಜಕೀಯ ವಿಚಾರಾ) ಅಂದ ಕೂಡಲೇ ವ್ಯಕ್ತಿ ಸ್ವಾತಂತ್ರ್ಯ, ಹಕ್ಕು, ಸೀಮಿತ ಸರ್ಕಾರ ಅಂತ ಪಾಯಿಂಟ್ ಬಾಯಿಪಾಠ ಮಾಡ್ತಾರ, ಆದ್ರ ಸರ್ಕಾರಕ್ಕ ಮಿತಿ ಯಾಕ ಬೇಕು ಅಂತ ಕೇಳಿದ್ರ ಸುಮ್ನಾಗಿಬಿಡ್ತಾರ. ಅದಕ್ಕ ನೋಟ್ಸ್ ಬದಿಗಿಟ್ಟು, ಹಾಬ್ಸ್, ಲಾಕ್, ಮಿಲ್ ಅನ್ನೂ ಈ ಮೂರು ಇಂಗ್ಲಿಷ್ ಚಿಂತಕರನ್ನ ಓದೂ ಮುಂದ ಮೊದಲ ಒಂದ ಪ್ರಶ್ನಿ ಹಿಡ್ಕೊಳ್ರಿ: ಈ ಬರದಾಂವ ಮನಷ್ಯಾ ಎಂಥಾಂವ ಅಂತ ತಿಳ್ಕೊಂಡಾನ? ಸರ್ಕಾರದ ಬಗ್ಗೆ ಅಂವಾ ಹೇಳೂದೆಲ್ಲಾ ಆ ಉತ್ತರದಿಂದನ ಹುಟ್ಟತೈತಿ.

ಆಮ್ಯಾಲೆ ಊರಾಗಿನ ಒಂದ ಜಗಳಾ ಎದುರಿಗೆ ಇಟ್ಕೊಳ್ರಿ. ನಾ ಯಾವಾಗ್ಲೂ ಬದುವಿನ ಜಗಳಾನ ಇಟ್ಕೋತೀನಿ. ಡೋಣಿ ಹೊಳಿ ಸಾಲಿನ ಎರಿ ಹೊಲಾ, ಅಣ್ಣ ತಮ್ಮರ ನಡುವ ಒಂದ ಬದು, ವರ್ಷಾ ಬಿತ್ತೂ ಮುಂದ ಒಬ್ಬಾಂವ ಒಂದ ಗೇಣ ಆಕಡೆ ಸರಸ್ತಾನ, ನಾಕೈದು ವರ್ಷದಾಗ ಬಾಂದಗಲ್ಲು ಅವನ ಜ್ವಾಳದ ಸಾಲಿನೊಳಗ ನಿಂತಿರ್ತೈತಿ, ಆಮ್ಯಾಲೆ ಇಬ್ಬರಿಗೂ ಮಾತಿಲ್ಲಾ ಕಥಿ ಇಲ್ಲಾ.

ಈಗ ಹಾಬ್ಸ್‌ನ ತಗೋರಿ. ಇಂಗ್ಲೆಂಡಿನ್ಯಾಗ ಅಂತರ್ಯುದ್ಧ ಆಗಿ 1649ರಾಗ ರಾಜನ ತಲೀನ ತಗದಿದ್ರು, ಅಂವಾ ಲೆವಯಥನ್ ಅನ್ನೂ ಪುಸ್ತಕಾ ಬರದದ್ದು 1651ರಾಗ. ಮನಷ್ಯಾ ಹುಟ್ಟಾ ಕೆಟ್ಟಾಂವ ಅಂತ ಹಾಬ್ಸ್ ಹೇಳ್ಯಾನ ಅಂತ ನೋಟ್ಸಿನ್ಯಾಗ ಇದ್ರ ಅದನ್ನ ಹೊಡದ ಹಾಕ್ರಿ. ಜಗಳಕ್ಕ ಅಂವಾ ಕೊಡೂ ಕಾರಣ ಮೂರು, ಪೈಪೋಟಿ, ಅಪನಂಬಿಗಿ, ಮಾನದ ಹಂಬಲ. ಅಪನಂಬಿಗಿ ಹತ್ರ ಸ್ವಲ್ಪ ನಿಲ್ರಿ, ಅಣ್ಣಗ ಆ ಗೇಣ ನೆಲಾ ಬೇಕಾಗೇ ಇರೂದಿಲ್ಲಾ, ನಾಳೆ ತಮ್ಮ ಸರಸ್ತಾನೇನೋ ಅನ್ನೂ ಅಂಜಿಕಿಗೆ ಇವತ್ತ ತಾನ ಸರಸ್ತಾನ, ತಮ್ಮನೂ ಹಂಗ. ಆ ಅಂಜಿಕಿ ಹೋಗಬೇಕಂದ್ರ ಎಲ್ಲಾರ ಮ್ಯಾಲೆ ಒಂದ ದೊಡ್ಡ ಶಕ್ತಿ ಇರಬೇಕು ಅಂತಾನ. ಹಾಬ್ಸ್ ಉದಾರವಾದಿ ಅಲ್ಲಾ ಖರೆ, ಆದ್ರ ಅವನ್ನ ಬಿಟ್ಟು ಲಾಕ್ ತಿಳಿಯೂದಿಲ್ಲಾ.

ಲಾಕ್ 1689ರಾಗ ಹೇಳೂದ ಬ್ಯಾರೆ: ಪರರ ನೆಲಾ ಕಸಗೊಳ್ಳೂದು ತಪ್ಪು ಅಂತ ಇಬ್ಬರಿಗೂ ಗೊತ್ತೈತಿ, ಬುದ್ಧಿ ಅದನ್ನ ಹೇಳ್ತೈತಿ, ಆದ್ರ ತನ್ನ ಜಗಳಕ್ಕ ತಾನ ಪಂಚ ಆದ್ರ ಯಾರಿಗೂ ನ್ಯಾಯ ಕಾಣೂದಿಲ್ಲಾ. ಅವರ ಹತ್ರ ಇಲ್ಲದ್ದು ಮೂರು, ಎಲ್ಲಾರಿಗೂ ಗೊತ್ತಿರೂ ಕಾನೂನು, ಪಕ್ಷ ಇಲ್ಲದ ನ್ಯಾಯಾಧೀಶ, ತೀರ್ಪು ನಡಸೂ ಬಲ. ಸರ್ವೇದವ್ರು ಬಂದು ನಕಾಶಿ ಹಾಸಿ ಸರಪಳಿ ಹಿಡದು ಅಳಿಯೂದನ್ನ ನೋಡೀರಿ ಅಂದ್ರ ಇದು ಮರಿಯೂದಿಲ್ಲಾ. ಆದ್ರ ಸರಪಳಿ ಹಿಡದಾಂವನ ಅಣ್ಣನ ಕಡೆ ವಾಲಿದ್ರ? ಅಂವನೂ ಮನಷ್ಯಾನ ಅಲ್ರಿ. ಸರ್ಕಾರಕ್ಕ ಮಿತಿ ಹಾಕೂದು ಇಲ್ಲಿಂದ ಬರ್ತೈತಿ, ನಂಬಿ ಕೊಟ್ಟ ಅಧಿಕಾರಾ, ನಂಬಿಕಿ ಮುರದ್ರ ವಾಪಸ್ ತಗೊಳ್ಳೂ ಹಕ್ಕು ಜನಕ್ಕ ಐತಿ ಅಂತ ಲಾಕ್.

ಮಿಲ್‌ಗೆ ಬರೂ ಹೊತ್ತಿಗೆ ಬದು ಬಿಟ್ಟು ಮನಿಯೊಳಗ ಬರ್ರಿ. "ನಾಕ ಮಂದಿ ಏನಂತಾರ" ಅಂತ ಮಗಳ ಓದು ಬಿಡಸ್ತಾರಲ್ಲಾ, 1859ರಾಗ 'ಆನ್ ಲಿಬರ್ಟಿ' ಪುಸ್ತಕದಾಗ ಅಂವಾ ಅಂಜಿದ್ದು ಆ ನಾಕ ಮಂದಿಗೇನ, ಬರೇ ಸರ್ಕಾರಕ್ಕಲ್ಲಾ. ಮನಷ್ಯಾ ಅಚ್ಚಿನ್ಯಾಗ ಹೊಯ್ದ ಮಶೀನ್ ಅಲ್ಲಾ, ಎಲ್ಲಾ ದಿಕ್ಕಿಗೂ ಬೆಳಿಯೂ ಗಿಡಾ ಅಂತಾನ, ನನಗ ಭಾಳ ಸೇರಿದ ಮಾತು. ಆದ್ರ ಅದ ಮಿಲ್ 1823ರಿಂದ 1858ರ ತನಕ ಈಸ್ಟ್ ಇಂಡಿಯಾ ಕಂಪನಿ ನೌಕರಿ ಮಾಡ್ಯಾನ, ಹಿಂದುಳದ ಸಮಾಜಕ್ಕ ಈ ಸ್ವಾತಂತ್ರ್ಯದ ತತ್ವ ಹೊಂದೂದಿಲ್ಲಾ ಅಂತ ಅದ ಪುಸ್ತಕದಾಗ ಬರದಾನ, ಇದನ್ನ ಓದಿದಾಗ ನನಗ ಖರೇನ ಸಿಟ್ಟ ಬಂದಿತ್ತು. ಅದಕ್ಕ ಎರಡನೇ ಪ್ರಶ್ನಿನೂ ಬರಕೊಳ್ರಿ: ಇಂವಾ ಮನಷ್ಯಾ ಅಂದಾಗ ಯಾರ್ಯಾರನ್ನ ಎಣಿಸ್ಯಾನ?

ಆ ಪ್ರಶ್ನಿ ಹಿಡ್ಕೊಂಡು ಅಂಬೇಡ್ಕರ್ ಅವರು 1948ರ ನವೆಂಬರ್ 4ಕ್ಕ ಸಂವಿಧಾನ ಸಭೆದಾಗ ಮಾಡಿದ ಭಾಷಣ ಓದ್ರಿ. ಕರಡು ಸಂವಿಧಾನ ಹಳ್ಳೀನ ಬಿಟ್ಟು ವ್ಯಕ್ತೀನ ಘಟಕ ಅಂತ ತಗೊಂಡದ್ದು ಸಂತೋಷ ಅಂತಾರ. ಯಾಕ ಸಂತೋಷ ಅಂತ ಅರ್ಧ ಪುಟಾ ಬರೀರಿ, ಬರದದ್ದನ್ನ ಬದುವಿನ ಜಗಳಾ ಖುದ್ದ ಮಾಡಿದ ಕಾಕಾ ಯಾರರ ಇದ್ರ ಅವರಿಗೆ ಓದಿ ಹೇಳ್ರಿ, ಅವರು ಎಲ್ಲಿ ತಡದು ಪ್ರಶ್ನಿ ಕೇಳ್ತಾರೋ ಅಲ್ಲಿಂದ ಮತ್ತ ಪುಸ್ತಕ ತಗೀರಿ.