ಇಲಿಗಳ ಪ್ರಬಂಧ ಸಿಕ್ಕ ದಿನ

ಪಿಯುಸಿ ಮಕ್ಕಳ ಪರೀಕ್ಷಾ ಭಯ ನನ್ನ ಪಿಎಚ್‌ಡಿ ವಿಷಯ. ಮೊದಲ ಮೂರು ವಾರ ಗ್ರಂಥಾಲಯದ ಕಂಪ್ಯೂಟರ್ ಮುಂದೆ ಕೂತು ‘ಎಕ್ಸಾಮ್ ಫಿಯರ್’ ಎಂದು ಟೈಪ್ ಮಾಡಿದ್ದೇ ಮಾಡಿದ್ದು. ಸಿಕ್ಕಿದ್ದೆಲ್ಲ ಪತ್ರಿಕೆಯ ಸಲಹೆಗಳು. ಈ ವಿಷಯದಲ್ಲಿ ಯಾರೂ ಕೆಲಸವೇ ಮಾಡಿಲ್ಲವೇನೋ ಎಂದು ದಿಗಿಲಾಗಿತ್ತು.

ರೆಫರೆನ್ಸ್ ವಿಭಾಗದ ಗ್ರಂಥಪಾಲಕರು ಒಂದು ದಿನ ಪಕ್ಕಕ್ಕೆ ಬಂದು ನಿಂತರು. “ನೀವು ನಿಮ್ಮ ಮಾತಲ್ಲಿ ಕೇಳ್ತಾ ಇದ್ದೀರಮ್ಮ. ಅವರು ಯಾವ ಹೆಸರಲ್ಲಿ ಇಟ್ಟಿದ್ದಾರೆ ಅಂತ ಮೊದಲು ನೋಡಿ” ಎಂದು ಮನೋವಿಜ್ಞಾನದ ಲೇಖನಗಳ ಸೂಚಿಯಾದ ಸೈಕ್‌ಇನ್ಫೋದ ಥಿಸಾರಸ್, ಅಂದರೆ ವಿಷಯಪದಗಳ ಪಟ್ಟಿ, ತೆರೆದು ತೋರಿಸಿದರು. ಅಲ್ಲಿ ಪ್ರತಿ ಲೇಖನಕ್ಕೂ ಗೊತ್ತುಮಾಡಿದ ವಿಷಯಪದಗಳಿರುತ್ತವೆ. ನನ್ನದಕ್ಕೆ ‘ಟೆಸ್ಟ್ ಆಂಗ್ಸೈಟಿ’. ಆ ಪದ ಹಾಕಿದ ಮೇಲೆ ಲೇಖನಗಳ ಸಾಲೇ ತೆರೆದುಕೊಂಡಿತು. ವಯಸ್ಸಿನ ಫಿಲ್ಟರ್‌ನಲ್ಲಿ 13–17 ಮಾತ್ರ ಆರಿಸಿದ್ದು ನನ್ನ ತಪ್ಪು. ದ್ವಿತೀಯ ಪಿಯುಸಿಯಲ್ಲಿ 18 ತುಂಬಿದವರೂ ಇರುತ್ತಾರೆ, ಆ ಗುಂಪನ್ನೂ ಸೇರಿಸಿ ಮತ್ತೆ ಹುಡುಕಬೇಕಾಯಿತು.

ರ‍್ಯಾಕಿನ ಪುಸ್ತಕಗಳದ್ದೂ ಇದೇ ಕಥೆ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಲೆಕ್ಕದಲ್ಲಿ ಹದಿಹರೆಯದ ಮನೋವಿಜ್ಞಾನ 155.5ರಲ್ಲಿ, ಪರೀಕ್ಷೆಗಳ ಕುರಿತದ್ದು 371.26ರಲ್ಲಿ, ಆತಂಕದ ಕಾಯಿಲೆಗಳು 616.85ರಲ್ಲಿ. ಒಂದೇ ಕಡೆ ನಿಂತು ಹುಡುಕಿದ್ದರೆ ಅರ್ಧಕ್ಕರ್ಧ ಕೈತಪ್ಪುತ್ತಿತ್ತು. ನಮ್ಮ ದೇಶದ ಪಿಎಚ್‌ಡಿ ಪ್ರಬಂಧಗಳಿಗೆ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಇನ್‌ಫ್ಲಿಬ್‌ನೆಟ್ ಕೇಂದ್ರದ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರ ಇದೆ. ಕನ್ನಡಕ್ಕೆ ತಂದ ಪ್ರಶ್ನಾವಳಿ ನನಗೆ ಸಿಕ್ಕಿದ್ದು ಅಲ್ಲೇ, ಒಂದು ಪ್ರಬಂಧದ ಕೊನೆಯ ಅನುಬಂಧದಲ್ಲಿ. ಅನುಬಂಧಗಳನ್ನು ದಯವಿಟ್ಟು ಬಿಡಬೇಡಿ.

ಆದರೆ ನನ್ನನ್ನು ನಿಜಕ್ಕೂ ಬದಲಿಸಿದ್ದು ಒಂದು ಹಳೆಯ ಪ್ರಬಂಧ. ಓದಿದ ಲೇಖನಗಳಲ್ಲಿ ಮತ್ತೆ ಮತ್ತೆ ಒಂದೇ ಮಾತು: ಆತಂಕ ಸ್ವಲ್ಪ ಇದ್ದರೆ ಅಂಕ ಏರುತ್ತದೆ, ಹೆಚ್ಚಾದರೆ ಇಳಿಯುತ್ತದೆ, ಇದು ಯರ್ಕ್ಸ್–ಡಾಡ್‌ಸನ್ ನಿಯಮ, 1908. ನಾನೂ ನನ್ನ ಎರಡನೇ ಅಧ್ಯಾಯದಲ್ಲಿ ಹಾಗೇ ಬರೆದುಕೊಂಡಿದ್ದೆ. “ಮೂಲ ಓದಿದ್ದೀರಾ?” ಎಂದು ಗೈಡ್ ಮೇಡಂ ಕೇಳಿದಾಗ ಉತ್ತರ ಇರಲಿಲ್ಲ.

ಹುಡುಕುವುದು ಕಷ್ಟವಾಗಲಿಲ್ಲ. ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದವರು ಮನೋವಿಜ್ಞಾನದ ಹಳೆಯ ಬರಹಗಳನ್ನು ಉಚಿತವಾಗಿ ಇಟ್ಟಿದ್ದಾರೆ, ಅದರಲ್ಲಿ ಇದೂ ಇತ್ತು. ಓದುತ್ತಾ ಓದುತ್ತಾ ಬೆರಗಾದೆ. ಅದರಲ್ಲಿ ವಿದ್ಯಾರ್ಥಿಗಳೂ ಇಲ್ಲ, ಪರೀಕ್ಷೆಯೂ ಇಲ್ಲ, ಆತಂಕದ ಅಳತೆಯೂ ಇಲ್ಲ. ಇರುವುದು ಸುತ್ತು ಹೊಡೆಯುವ ತಳಿಯ ಪುಟ್ಟ ಇಲಿಗಳು, ಒಂದು ಬಿಳಿ ಪೆಟ್ಟಿಗೆ, ಒಂದು ಕಪ್ಪು ಪೆಟ್ಟಿಗೆ. ಕಪ್ಪಿಗೆ ಹೊಕ್ಕರೆ ವಿದ್ಯುತ್ ಆಘಾತ. ಬಿಳಿ–ಕಪ್ಪಿನ ವ್ಯತ್ಯಾಸ ಸುಲಭವಾಗಿ ಕಾಣುವಂತಿದ್ದಾಗ ಆಘಾತ ಬಲವಾದಷ್ಟೂ ಇಲಿ ಬೇಗ ಕಲಿಯಿತು; ಗುರುತಿಸುವುದು ಕಷ್ಟವಾದಾಗ ಮಾತ್ರ ಮಧ್ಯಮ ಆಘಾತ ಮೇಲಾಯಿತು. ಉದ್ರೇಕ ಹೆಚ್ಚಿದಂತೆ ಕಾರ್ಯಕ್ಷಮತೆ ಮೊದಲು ಏರಿ ಆಮೇಲೆ ಇಳಿಯುವ ರೇಖೆಯನ್ನು 1955ರಲ್ಲಿ ಸೈಕಲಾಜಿಕಲ್ ರಿವ್ಯೂ ಪತ್ರಿಕೆಯಲ್ಲಿ ಮನೋವಿಜ್ಞಾನಿ ಡೊನಾಲ್ಡ್ ಹೆಬ್ ಬರೆದ ಲೇಖನದಲ್ಲಿ ಕಂಡೆ. ಅದೂ ಪರೀಕ್ಷಾ ಭಯದ ಅಧ್ಯಯನವಲ್ಲ.

ಅಂದಿನಿಂದ ಒಂದು ಲೇಖನ ಇನ್ನೊಂದನ್ನು ಹೆಸರಿಸಿದರೆ ಆ ಇನ್ನೊಂದನ್ನೂ ತೆರೆಯುತ್ತೇನೆ. ಗೂಗಲ್ ಸ್ಕಾಲರ್‌ನಲ್ಲಿ ಅದನ್ನು ಆಮೇಲೆ ಯಾರು ಉಲ್ಲೇಖಿಸಿದ್ದಾರೆ ಎಂದೂ ನೋಡುತ್ತೇನೆ. ಕೆಲಸ ನಿಧಾನವಾಗಿದೆ. ಎರಡನೇ ಅಧ್ಯಾಯದ ಆ ವಾಕ್ಯವನ್ನು ಹೊಡೆದುಹಾಕಿ ಅಲ್ಲಿ ಇಲಿಗಳ ಬಗ್ಗೆ ಒಂದಿಡೀ ಪ್ಯಾರಾ ಬರೆದಿದ್ದೇನೆ.